ಟೆಸ್ಟರ್, ಪೆನ್, ಕ್ಲ್ಯಾಂಪ್ ಮೀಟರ್: ನನ್ನ ಕಿಸೆಯಲ್ಲಿ ಉಳಿದದ್ದು

ಮೊದಲೇ ಹೇಳಿಬಿಡ್ತೀನಿ, ವೈರಿನಲ್ಲಿ ಕರೆಂಟ್ ಇದೆಯೋ ಇಲ್ಲವೋ ನೋಡೋಕೆ ನನ್ನ ಓಟು ಕ್ಲ್ಯಾಂಪ್ ಮೀಟರಿಗೆ. ಅದನ್ನು ಕೊಂಡದ್ದು ಬುದ್ಧಿ ಬಂದ ಮೇಲೆ. ಬುದ್ಧಿ ಬಂದದ್ದು ಒಂದು ಏಪ್ರಿಲ್ ಮಧ್ಯಾಹ್ನ, ಕಲಬುರಗಿಯ ಒಂದು ಮಾಳಿಗೆ ಮೇಲೆ.

ಕೂಲರ್ ರಿಪೇರಿ. ಕೆಳಗಿನಿಂದ ಅಜ್ಜ ಕೂಗಿದರು, "ಸ್ವಿಚ್ ಬಂದ್ ಮಾಡೀನಿ ತಮ್ಮಾ, ಕೈ ಹಾಕು." ಆದರೂ ಅರವತ್ತು ರೂಪಾಯಿಯ, ಸ್ಕ್ರೂಡ್ರೈವರಿನಂಥ ಟೆಸ್ಟರ್ ಹಚ್ಚಿ ನೋಡಿದೆ. ದೀಪ ಕಾಣಲಿಲ್ಲ. ಕೈ ಹಾಕಿದೆ, ಮೊಣಕೈತನಕ ಹೊಡೀತು. ಯಾರೋ ಪುಣ್ಯಾತ್ಮ ಸ್ವಿಚ್ಚನ್ನು ಕರೆಂಟ್ ತರುವ ಫೇಸ್ ವೈರ್ ಬಿಟ್ಟು, ವಾಪಸ್ ಒಯ್ಯುವ ನ್ಯೂಟ್ರಲ್ ಮೇಲೆ ಕೂಡಿಸಿದ್ದ. ಬಂದ್ ಮಾಡಿದರೂ ಮೋಟಾರಿನತನಕ ಫೇಸ್ ಇದ್ದೇ ಇತ್ತು.

ಟೆಸ್ಟರ್ ಕೆಟ್ಟಿರಲಿಲ್ಲ. ಅದರ ನಿಯಾನ್ ದೀಪ ಹೊತ್ತೋದು ನಮ್ಮ ಮೈಯೊಳಗಿಂದ ನೆಲಕ್ಕೆ ಹೋಗುವ ಒಂದಿಷ್ಟು ಕರೆಂಟಿನಿಂದ. ನಾನು ನಿಂತದ್ದು ಒಣ ಮರದ ಸ್ಟೂಲಿನ ಮೇಲೆ, ಕಾಲಲ್ಲಿ ರಬ್ಬರ್ ಚಪ್ಪಲಿ. ಹೀಗಾಗಿ ದೀಪ ಮಂಕು, ಅದರ ಮೇಲೆ ನಮ್ಮೂರ ಬಿಸಿಲು. ಕೈ ಹಾಕುವಾಗ ಮಾತ್ರ ಇನ್ನೊಂದು ಕೈಯಲ್ಲಿ ಕೂಲರಿನ ತಗಡು ಹಿಡಿದಿದ್ದೆ, ಆ ತಗಡು ನೀರಿನ ಕಬ್ಬಿಣದ ಪೈಪಿಗೆ ತಾಗಿತ್ತು.

ಅದೇ ಸಿಟ್ಟಿನಲ್ಲಿ ಸೂಪರ್ ಮಾರ್ಕೆಟ್‌ಗೆ ಹೋಗಿ 450 ರೂಪಾಯಿಯ ಪೆನ್ ಟೆಸ್ಟರ್ ತಂದೆ. ವೈರ್ ಸುಲಿಯೋದೇ ಬೇಡ, ಹತ್ತಿರ ಒಯ್ದರೆ ಪೀಂ ಪೀಂ. ಒಂದು ವಾರ ಖುಷಿ, ಆಮೇಲೆ ತಲೆನೋವು. ಬಂದ್ ಮಾಡಿದ ವೈರಿಗೂ ಕೂಗುತ್ತೆ, ಒಮ್ಮೊಮ್ಮೆ ನ್ಯೂಟ್ರಲ್‌ಗೂ ಕೂಗುತ್ತೆ. ಒಂದೇ ಪೈಪಿನಲ್ಲಿ ನಾಲ್ಕೈದು ವೈರ್ ತುರುಕಿರ್ತಾರೆ. ಪಕ್ಕದ ಫೇಸಿನ ವಿದ್ಯುತ್ ಕ್ಷೇತ್ರ ಸತ್ತ ವೈರಿನಲ್ಲೂ ಸುಳ್ಳು ವೋಲ್ಟೇಜ್ ಹುಟ್ಟಿಸುತ್ತೆ, ಪೆನ್ ಹಿಡಿಯೋದು ಆ ಕ್ಷೇತ್ರವನ್ನೇ.

ಹೆಚ್ಚು ಕೂಗಿದರೆ ಒಳ್ಳೇದೇ ಅಲ್ವಾ, ಎಚ್ಚರ ಇರುತ್ತೆ ಅಂದುಕೊಂಡಿದ್ದೆ. ಆಗಿದ್ದು ಉಲ್ಟಾ. ಸುಳ್ಳು ಕೂಗು ಕೇಳಿ ಕೇಳಿ ಕಿವಿ ಜಡ್ಡುಗಟ್ಟಿತು. ಒಂದು ಬೇಳೆ ಮಿಲ್ಲಿನಲ್ಲಿ ಜೊತೆಗಿದ್ದ ಹುಡುಗ, "ಇದು ಹಂಗೇ ಒದರ್ತದ ಬಿಡ್ರಿ ಅಣ್ಣಾ," ಅಂತ ಕಟಿಂಗ್ ಪ್ಲೇಯರ್ ಹಾಕೇಬಿಡ್ತಿದ್ದ. ಕೈ ಹಿಡಿದು ನಿಲ್ಲಿಸಿದೆ. ಮಿಲ್ಲಿನವರ ಮೀಟರ್ ಇಸಿದುಕೊಂಡು ನೋಡಿದರೆ 228 ವೋಲ್ಟ್. ಇನ್ನು ಕಬ್ಬಿಣದ ಪೈಪಿನೊಳಗೆ, ಲೋಹದ ಕವಚದ ಆರ್ಮರ್ಡ್ ಕೇಬಲ್ ಮೇಲೆ ಕರೆಂಟ್ ಇದ್ದರೂ ಪೆನ್ ಗಪ್ಪು. ಸೆಲ್ ಇಳಿದರೂ ಗಪ್ಪು. ಯಾವ ಗಪ್ಪು ಯಾವುದೋ!

ಮರುದಿನವೇ 2,200 ಕೊಟ್ಟು ಕ್ಲ್ಯಾಂಪ್ ಮೀಟರ್ ತಂದೆ. ಇದು ಕೂಗಲ್ಲ, ಅಂಕಿ ಹೇಳುತ್ತೆ. ಫೇಸ್‌-ನ್ಯೂಟ್ರಲ್, ಫೇಸ್‌-ಅರ್ಥ್, ನ್ಯೂಟ್ರಲ್‌-ಅರ್ಥ್ (ಅರ್ಥ್ ಅಂದರೆ ನೆಲಕ್ಕೆ ಹೋಗುವ ವೈರ್), ಮೂರೂ ನೋಡ್ತೀನಿ. ನ್ಯೂಟ್ರಲ್ ಕಡಿದಿದ್ದರೆ ಮೊದಲನೆಯದು ಸೊನ್ನೆ ತೋರಿಸಿ ಮೋಸ ಮಾಡಬಹುದು. ಅಜ್ಜನ ಕೂಲರಿನಲ್ಲಿ ಇದ್ದದ್ದು ಅದೇ ಸ್ಥಿತಿ. ಮೀಟರೂ ಆಗಾಗ ನಲವತ್ತು ಐವತ್ತು ವೋಲ್ಟಿನ ಸುಳ್ಳು ಹೇಳುತ್ತೆ. ಆಗ ಅದೇ ಎರಡು ವೈರಿಗೆ ಒಂದು ಹಳೇ ಫಿಲಮೆಂಟ್ ಬಲ್ಬ್ ಹಚ್ಚಿದರೆ ಸುಳ್ಳು ಅಂಕಿ ಥಟ್ಟನೆ ಬೀಳುತ್ತೆ. ಎರಡು ಫೇಸಿನ ನಡುವೆ ಮಾತ್ರ ಬಲ್ಬ್ ಹಚ್ಚಬೇಡಿ, ಅಲ್ಲಿ 415 ವೋಲ್ಟ್ ಇರುತ್ತೆ.

ಅದೂ ಅಂಕಿ ಹೇಳುತ್ತಲ್ಲ, ಮಲ್ಟಿಮೀಟರ್ ಯಾಕೆ ಬೇಡ? ಅದರಲ್ಲಿ ಕರೆಂಟ್ ಅಳೆಯೋಕೆ 10 ಆಂಪ್ಸಿನ ತೂತು ಬೇರೆ ಇರುತ್ತೆ. ಮರೆತು ಮೀಟರಿನ ವೈರ್ ಅಲ್ಲೇ ಬಿಟ್ಟು ವೋಲ್ಟೇಜ್ ನೋಡಲು ಹೋದರೆ ನೇರ ಶಾರ್ಟ್. ಕ್ಲ್ಯಾಂಪಿನಲ್ಲಿ ಆಂಪ್ಸ್ ನೋಡೋದು ವೈರಿನ ಸುತ್ತ ಹಾಕುವ ದವಡೆಯಿಂದ, ನನ್ನದರಲ್ಲಿ ಆ ತೂತೇ ಇಲ್ಲ. ಮರೆಗುಳಿಗೆ ಇದೇ ಸರಿ. ಬೋರ್ಡಿನ ಕೆಲಸ ಮಾಡೋರು ಮೀಟರಿನ ಮೇಲೆ ಕ್ಯಾಟ್ 3 (CAT III, ಮೀಟರಿನ ಸುರಕ್ಷತೆಯ ದರ್ಜೆ) ಅಂತ ಇದೆಯಾ ನೋಡಿ.

ಯಾವುದನ್ನೇ ಹಿಡಿದರೂ ಮೊದಲು ಕರೆಂಟ್ ಇರುವ ಸಾಕೆಟ್‌ಗೆ, ಆಮೇಲೆ ಕೆಲಸದ ಜಾಗಕ್ಕೆ, ಮತ್ತೆ ಅದೇ ಸಾಕೆಟ್‌ಗೆ ಹಚ್ಚಿ ನೋಡ್ತೀನಿ. ನಡುವೆ ಸಾಧನವೇ ಸತ್ತಿದ್ದರೆ ಮೂರನೆಯದರಲ್ಲಿ ಸಿಕ್ಕಿಬೀಳುತ್ತೆ. ಮೇನ್ ಬಂದ್ ಮಾಡಿದರೂ ಇನ್ವರ್ಟರ್ ಲೈನ್ ಜೀವಂತ ಇರುತ್ತೆ, ಅದನ್ನು ಬೇರೆಯಾಗಿ ಬಂದ್ ಮಾಡಬೇಕು. ಮೋಟಾರಿನ ಜೊತೆಗಿರುವ, ಚಾರ್ಜ್ ಹಿಡಿದಿಡುವ ಕೆಪಾಸಿಟರಿನಲ್ಲಿ ನಿಂತ ಚಾರ್ಜ್ ಪೆನ್ನಿಗೆ ಗೊತ್ತೇ ಆಗಲ್ಲ, ಅದು ಡಿಸಿ, ಅಂದರೆ ದಿಕ್ಕು ಬದಲಿಸದ ವೋಲ್ಟೇಜ್. ಮೀಟರನ್ನು ಡಿಸಿಗೆ ತಿರುಗಿಸಿ ನೋಡಬೇಕು.

2,200 ಜಾಸ್ತಿ ಅನ್ನಿಸಬಹುದು. ನನಗೆ ಬೇಸಿಗೆಯ ಹತ್ತು ಕೂಲರಿನಲ್ಲಿ ವಾಪಸ್ ಬಂತು. ಪೆನ್ ಈಗ ಗೋಡೆಯೊಳಗಿನ ವೈರ್ ಎಲ್ಲಿ ಹೋಗಿದೆ ಅಂತ ಅಂದಾಜು ಮಾಡೋಕೆ. ಟೆಸ್ಟರಿನಿಂದ ಸ್ಕ್ರೂ ಬಿಗಿ ಮಾಡ್ತೀನಿ, ಅದೂ ಲೈನ್ ಬಂದ್ ಇದ್ದಾಗ.