ಐದು ಅಡಿಯ ಚೀಟಿ, ಒಂಬತ್ತು ಅಡಿಯ ನಿಂಬೆ: ಆರು ವರ್ಷದ ಬಳಿಕ

2019ರ ಜೂನ್‌ನಲ್ಲಿ ತುಮಕೂರಿನ ನಮ್ಮ ಮನೆಗೆ ಬಂದಾಗ ಈ ಗಿಡದ ಕೊರಳಲ್ಲಿ ಹಳದಿ ಚೀಟಿಯೊಂದು ತೂಗುತ್ತಿತ್ತು. ಸೀಡ್‌ಲೆಸ್ ನಿಂಬೆ, ಕುಬ್ಜ ಜಾತಿ, ಐದು ಅಡಿ ಮೀರುವುದಿಲ್ಲ, ವರ್ಷವಿಡೀ ಕಾಯಿ. ಬೆಲೆ 380 ರೂಪಾಯಿ. ಅದೇ ನರ್ಸರಿಯಲ್ಲಿ ನಾಟಿ ನಿಂಬೆಯ ಸಸಿ 60 ರೂಪಾಯಿಗೆ ಸಿಗುತ್ತಿತ್ತು. ಮೇಲಿನ 320 ರೂಪಾಯಿ ಆ ಚೀಟಿಯ ಬಾಬತ್ತು.

ಬೀಜವಿಲ್ಲ ಎಂದದ್ದು ನಿಜವಾಯಿತು. ವರ್ಷವಿಡೀ ಕಾಯಿ ಎಂದದ್ದು ಅರೆನಿಜ. ಐದು ಅಡಿಯ ಮಾತು ಹಸಿ ಸುಳ್ಳು. ಇಷ್ಟಾದರೂ ಐದಕ್ಕೆ ಮೂರೂವರೆ ನಕ್ಷತ್ರ ಕೊಡುತ್ತಿದ್ದೇನೆ. ಕಳೆದುಕೊಂಡ ಒಂದೂವರೆಯಲ್ಲಿ ಅರ್ಧ ನನ್ನದೇ ತಪ್ಪಿಗೆ ಸೇರಬೇಕು.

ನಮ್ಮದು ಮೂವತ್ತು-ನಲವತ್ತರ ನಿವೇಶನ. ಮನೆ, ಸಂಪು, ಸ್ಕೂಟರ್ ನಿಲ್ಲಿಸುವ ಜಾಗ ಎಲ್ಲ ಕಳೆದು ಉಳಿದದ್ದು ಅಡುಗೆಮನೆಯ ಗೋಡೆಗೂ ಕಾಂಪೌಂಡಿಗೂ ನಡುವಿನ ಐದು ಅಡಿ ಅಗಲ, ಹದಿನಾಲ್ಕು ಅಡಿ ಉದ್ದದ ಪಟ್ಟಿ. ಅದರಲ್ಲಿ ಆಗಲೇ ಒಂದು ಕರಿಬೇವು, ಎರಡು ದಾಸವಾಳ, ಒಂದು ತುಳಸಿಕಟ್ಟೆ. ಪೂರ್ವದ ಬಿಸಿಲು ಮಧ್ಯಾಹ್ನ ಒಂದರವರೆಗೂ ಬೀಳುತ್ತದೆ. ಎರಡು ಅಡಿ ಆಳದ ಗುಂಡಿ ತೋಡಿಸಿ, ಕೊಟ್ಟಿಗೆ ಗೊಬ್ಬರ ಎರಡು ಬುಟ್ಟಿ, ಬೇವಿನ ಹಿಂಡಿ ಒಂದು ಕಿಲೋ ಬೆರೆಸಿ ನೆಟ್ಟೆವು. ಕಸಿಯ ಗಂಟು ಮಣ್ಣಿನಿಂದ ಅರ್ಧ ಅಡಿ ಮೇಲಿರಲಿ ಎಂದು ನರ್ಸರಿಯ ಹುಡುಗ ಹೇಳಿದ್ದ. ಅವನು ಹೇಳಿದ ಮಾತುಗಳಲ್ಲಿ ಕೊನೆಯವರೆಗೂ ಉಪಯೋಗಕ್ಕೆ ಬಂದದ್ದು ಇದೊಂದೇ.

ಆದರೆ ಆ ಗಂಟಿನ ಕೆಳಗೆ ಏನಿದೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. 2020ರ ಮಳೆಗಾಲದಲ್ಲಿ ಗಿಡದ ಬುಡದಿಂದ ಒಂದು ಕೊಂಬೆ ಚಿಮ್ಮಿತು. ದಪ್ಪ, ನೇರ, ಕಡು ಹಸಿರು. ಎರಡು ತಿಂಗಳಲ್ಲಿ ಮೂಲ ಗಿಡವನ್ನೇ ಮೀರಿಸಿತು. ಲಾಕ್‌ಡೌನ್ ಕಾಲದಲ್ಲಿ ಮನೆಯಲ್ಲಿ ಬೆಳೆದದ್ದು ಅದೊಂದೇ ಆದ್ದರಿಂದ ಅದರ ಫೋಟೋ ತೆಗೆದು ಬಂಧುಗಳಿಗೆಲ್ಲ ಕಳುಹಿಸಿದ್ದೆ. ಮುಂದಿನ ಜನವರಿಯಲ್ಲಿ, ನಮ್ಮ ಬ್ಯಾಂಕಿಗೆ ವರ್ಗವಾಗಿ ಬಂದಿದ್ದ, ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಸಹೋದ್ಯೋಗಿಯೊಬ್ಬರು ಊಟಕ್ಕೆ ಬಂದವರು ಕೈ ತೊಳೆಯಲು ಹಿಂದಕ್ಕೆ ಹೋಗಿ ಅಲ್ಲಿಯೇ ನಿಂತುಬಿಟ್ಟರು.

"ಮೇಡಂ, ಇದು ನಿಮ್ಮ ನಿಂಬೆ ಅಲ್ಲ."

ಅವರು ತೋರಿಸಿದ ಮೇಲೆ ನನಗೂ ಕಂಡಿತು. ಮೇಲಿನ ಗಿಡಕ್ಕೆ ಮುಳ್ಳು ಇಲ್ಲವೆಂದೇ ಹೇಳಬೇಕು. ಈ ಕೊಂಬೆಯ ಗೆಣ್ಣು ಗೆಣ್ಣಿಗೂ ಅರ್ಧ ಬೆರಳುದ್ದದ ಮುಳ್ಳು. ಅದು ಗಂಟಿನ ಕೆಳಗಿನಿಂದ, ಅಂದರೆ ಕಸಿ ಕಟ್ಟಲು ಬಳಸಿದ ಬೇರಿನ ಗಿಡದಿಂದ ಬಂದದ್ದು. ನಮ್ಮ ಕಡೆ ಅದಕ್ಕೆ ಜಂಬೇರಿಯನ್ನೋ ರಂಗಪುರ ನಿಂಬೆಯನ್ನೋ ಬಳಸುತ್ತಾರಂತೆ. ಬಿಟ್ಟಿದ್ದರೆ ಇನ್ನೆರಡು ವರ್ಷದಲ್ಲಿ ಮೇಲಿನದು ಸೊರಗಿ, 380 ರೂಪಾಯಿಗೆ ನನ್ನ ಪಾಲಿಗೆ ಒಂದು ಜಂಬೇರಿ ಮರ ಉಳಿಯುತ್ತಿತ್ತು. ಆವತ್ತು ಊಟ ತಡವಾಯಿತು. ಅವರೇ ಕತ್ತರಿ ತರಿಸಿಕೊಂಡು ಬುಡಕ್ಕೆ ಸಮನಾಗಿ ಕತ್ತರಿಸಿದರು. ಅಲ್ಲಿಂದೀಚೆಗೆ ತಿಂಗಳಿಗೊಮ್ಮೆ ಬುಡವನ್ನು ಬಗ್ಗಿ ನೋಡುತ್ತೇನೆ. ಎಳೆಯ ಮೊಳಕೆ ಇದ್ದರೆ ಹೆಬ್ಬೆರಳಿನಿಂದ ಒತ್ತಿದರೆ ಸಾಕು, ಉದುರಿಬಿಡುತ್ತದೆ.

ಎತ್ತರದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಸಣ್ಣ ಕೈತೋಟದವರು ಈ ಗಿಡ ಕೊಳ್ಳುವುದೇ ಅದಕ್ಕಾಗಿ. ಇದು ಪರ್ಷಿಯನ್ ಅಥವಾ ತಾಹಿತಿ ನಿಂಬೆ ಎಂದು ಕರೆಯುವ ಜಾತಿ. ವರ್ಣತಂತುಗಳು ಎರಡರ ಬದಲು ಮೂರು ಗುಂಪುಗಳಲ್ಲಿರುವುದರಿಂದ ಬೀಜ ಕಟ್ಟುವುದಿಲ್ಲ. ಪರಾಗಸ್ಪರ್ಶ ಆಗದೆಯೂ ಕಾಯಿ ನಿಲ್ಲುತ್ತದೆ. ಆದರೆ ಕುಬ್ಜ ಅಲ್ಲವೇ ಅಲ್ಲ. ನೆಲದಲ್ಲಿ ಬಿಟ್ಟರೆ ಹದಿನೈದು ಅಡಿ ಸಲೀಸಾಗಿ ಏರುತ್ತದೆ. ನರ್ಸರಿಯ ಚೀಲದಲ್ಲಿ ಬೇರಿಗೆ ಜಾಗವಿಲ್ಲದೆ ಕುಳ್ಳಗೆ ಕೂತಿದ್ದಾಗ ನೋಡಿ ಯಾರೋ ಚೀಟಿ ಬರೆದಿರಬೇಕು. 2023ರ ಬೇಸಿಗೆಯ ಹೊತ್ತಿಗೆ ನಮ್ಮದು ಒಂಬತ್ತು ಅಡಿಯಾಗಿ, ಪಕ್ಕದ ಮನೆಯ ಕೇಬಲ್ ತಂತಿಯನ್ನು ತಬ್ಬಿಕೊಂಡಿತ್ತು.

ಮೇ ತಿಂಗಳಲ್ಲಿ ತೋಟದ ಕೆಲಸ ಮಾಡುವವರೊಬ್ಬರನ್ನು ಕರೆಸಿದೆವು. ಅವರು ಬೇಲಿ ಗಿಡಕ್ಕೆ ಕತ್ತರಿ ಹಾಕುವಂತೆ ನೆತ್ತಿಯನ್ನು ಸಪಾಟಾಗಿ ಕತ್ತರಿಸಿ, ಐದು ಅಡಿಗೆ ತಂದು, ಬುಡವನ್ನೂ ಗುದ್ದಲಿಯಿಂದ ಚೆನ್ನಾಗಿ ಅಗೆದು ಹೋದರು. ನೋಡಲು ಅಚ್ಚುಕಟ್ಟಾಗಿತ್ತು. ನಿಂಬೆಯ ಉಣ್ಣುವ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುತ್ತವೆ ಎಂಬುದು ನಮಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಹದಿನೈದು ದಿನದಲ್ಲಿ ಅರ್ಧ ಎಲೆ ಉದುರಿತು. ಆ ವರ್ಷ ಮಳೆಯೂ ಕೈಕೊಟ್ಟಿತು. ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದ ವರ್ಷ ಅದು. ಗಿಡ ಬದುಕಿತು, ಕಡ್ಡಿ ಕಡ್ಡಿಯಾಗಿ ನೀಳ ಚಿಗುರು ಬಿಟ್ಟಿತು, ಆದರೆ ವರ್ಷದ ಕೊನೆಯವರೆಗೂ ಒಂದೇ ಒಂದು ಕಾಯಿ ಇಲ್ಲ.

ಈಗ ನಾನೇ ಕತ್ತರಿಸುತ್ತೇನೆ. ಜನವರಿ ಕೊನೆಗೆ, ಕಾಯಿ ಹೆಚ್ಚುಕಡಿಮೆ ಮುಗಿದ ಮೇಲೆ ಒಮ್ಮೆ. ನೆತ್ತಿಗೆ ನೇರವಾಗಿ ಓಡುವ ಕೊಂಬೆಯನ್ನು ಅದು ಹುಟ್ಟಿದ ಕವಲಿನವರೆಗೂ ತೆಗೆಯುವುದು, ಒಳಗೆ ಒಂದಕ್ಕೊಂದು ಉಜ್ಜುವ ಕಡ್ಡಿಗಳನ್ನು ತೆಗೆಯುವುದು, ನೆಲ ಮುಟ್ಟುವ ಕೊಂಬೆಯನ್ನು ಮೊಟಕು ಮಾಡುವುದು. ಒಂದು ಸಲಕ್ಕೆ ಐದನೆಯ ಒಂದು ಪಾಲಿಗಿಂತ ಹೆಚ್ಚು ಬೇಡ. ಹೂ ಬರುವುದು ಹೊಸ ಚಿಗುರಿನಲ್ಲಾದ್ದರಿಂದ ಕೈ ಸ್ವಲ್ಪ ಬಿಗಿ ಇರಲೇಬೇಕು. ಮಳೆಗಾಲದಲ್ಲಿ ಕತ್ತರಿ ಹಾಕುವುದೇ ಇಲ್ಲ. ಮೇಲೆ ಕೈ ಎತ್ತಿದರೆ ಕಾಯಿ ಸಿಗಬೇಕು, ಅದೇ ಅಳತೆ. ಈಗ ಏಳು ಅಡಿಯಲ್ಲಿ ನಿಂತಿದೆ. ಅರ್ಧ ದಿನದ ಕೆಲಸ, ಪ್ರತಿ ವರ್ಷ. ಕುಳ್ಳತನ ಬೇಕಾದವರು ಈ ಅರ್ಧ ದಿನವನ್ನೂ ಬೆಲೆಯೊಳಗೆ ಸೇರಿಸಿಕೊಳ್ಳಬೇಕು.

ನೀರು ಕೂಡ ಪಾಠ ಕಲಿಸಿತು. ನಮ್ಮ ಕೊಳವೆಬಾವಿಯ ನೀರು ಬಕೆಟ್ಟಿನ ತಳಕ್ಕೆ ಬಿಳಿ ಪದರ ಕಟ್ಟುವಷ್ಟು ಗಡಸು. ಪ್ರತಿ ಬೇಸಿಗೆಯಲ್ಲಿ ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ, ಯಾರೋ ಹಸಿರು ಪೆನ್ನಿನಲ್ಲಿ ಗೆರೆ ಎಳೆದಂತೆ ಕಾಣುತ್ತಿದ್ದವು. ಗೊಬ್ಬರ ಸಾಲದು ಎಂದುಕೊಂಡು ಎರಡು ವರ್ಷ ಸಗಣಿ ಸುರಿದೆ, ಏನೂ ಆಗಲಿಲ್ಲ. ಅದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಸುಣ್ಣದ ನೀರಿನಿಂದಾಗಿ ಬೇರಿಗೆ ದಕ್ಕುವುದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಲಘು ಪೋಷಕಾಂಶಗಳ ಮಿಶ್ರಣವನ್ನು ತಂದು ಎಲೆಗಳ ಮೇಲೆ ಸಿಂಪಡಿಸತೊಡಗಿದ ಮೇಲೆ, ಜೊತೆಗೆ ತಾರಸಿಯ ಮಳೆನೀರನ್ನು 200 ಲೀಟರಿನ ಡ್ರಮ್ಮಿನಲ್ಲಿ ಹಿಡಿದು ಈ ಒಂದು ಗಿಡಕ್ಕೇ ಮೀಸಲಿಟ್ಟ ಮೇಲೆ, ಎಲೆಗಳು ಬಣ್ಣಕ್ಕೆ ಬಂದವು. ಸಿಂಪಡಿಸುವ ನೀರಿಗೆ ನಿಂಬೆರಸ ಹಿಂಡಬೇಕು ಎಂದು ಹೇಳಿದ್ದರು. ನಿಂಬೆಗಿಡಕ್ಕೆ ಹೊಡೆಯಲು ಅಂಗಡಿಯಿಂದ ನಿಂಬೆಹಣ್ಣು ಕೊಂಡು ತಂದ ದಿನ ಮನೆಯವರೆಲ್ಲ ನಕ್ಕಿದ್ದು ನೆನಪಿದೆ.

ಹೆಚ್ಚಾದ ನೀರು ಇನ್ನೂ ಕೆಟ್ಟದ್ದು. 2021ರ ನವೆಂಬರ್ ಮಳೆಯಲ್ಲಿ ಬುಡದಲ್ಲಿ ನೀರು ನಿಂತು, ಕಾಂಡದಿಂದ ಜೇನಿನ ಬಣ್ಣದ ಅಂಟು ಒಸರತೊಡಗಿತು. ಅಡಿಕೆ ಬೆಳೆಯುವ ನಮ್ಮ ಚಿಕ್ಕಪ್ಪ ಫೋನಿನಲ್ಲೇ ಚಿಕಿತ್ಸೆ ಹೇಳಿದರು: ಕೊಳೆತ ತೊಗಟೆಯನ್ನು ಚೂರಿಯಿಂದ ಕೆರೆದು ತೆಗೆದು ಬೋರ್ಡೊ ಮುಲಾಮು ಬಳಿಯುವುದು. ನೂರು ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್), ನೂರು ಗ್ರಾಂ ಸುಣ್ಣ, ಒಂದು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ ಆಮೇಲೆ ಕೂಡಿಸಬೇಕು. "ಚಾಕುವಿನ ಅಲಗನ್ನು ಅದ್ದಿ ನೋಡು ಮಗಳೇ, ತಾಮ್ರದ ಬಣ್ಣ ಅಂಟಿದರೆ ಸುಣ್ಣ ಸಾಲದು" ಎಂದರು. ಅದ್ದಿದೆ, ಅಲಗು ಕೆಂಪಗಾಯಿತು. ಇನ್ನೊಂದು ಚಮಚ ಸುಣ್ಣ ಹಾಕಿ ಮತ್ತೆ ಅದ್ದಿದೆ. ಈ ಸಲ ಬೆಳ್ಳಗೇ ಉಳಿಯಿತು. ಆ ಗಾಯದ ಕಲೆ ಇಂದಿಗೂ ಕಾಂಡದ ಮೇಲಿದೆ, ಒಸರುವುದು ನಿಂತಿದೆ. ಅಂದಿನಿಂದ ಬುಡದ ಮಣ್ಣನ್ನು ದಿಣ್ಣೆ ಮಾಡಿ, ನೀರು ಹಾಯಿಸುವ ಪಾತಿಯನ್ನು ಕಾಂಡದಿಂದ ಒಂದೂವರೆ ಅಡಿ ಆಚೆಗೆ ತಳ್ಳಿದ್ದೇನೆ.

ಹುಳುಗಳ ಬಗ್ಗೆ ಹೆಚ್ಚು ದೂರಿಲ್ಲ. ನಾಟಿ ನಿಂಬೆಯನ್ನು ಕಾಡುವ ಕಜ್ಜಿ ರೋಗ ಇದಕ್ಕೆ ಅಷ್ಟಾಗಿ ಹತ್ತುವುದಿಲ್ಲ. ನಮ್ಮ ಬೀದಿಯ ತುದಿಯ ಮನೆಯ ನಾಟಿ ಮರದ ಕಾಯಿಗಳೆಲ್ಲ ಕಂದು ಹುರುಕು ಹಿಡಿದಿದ್ದಾಗಲೂ ನಮ್ಮವು ನುಣ್ಣಗಿದ್ದವು. ಎಳೆ ಎಲೆಯಲ್ಲಿ ಬೆಳ್ಳಿ ಗೆರೆ ಎಳೆಯುವ ರಂಗೋಲಿ ಹುಳು ಪ್ರತಿ ಚಿಗುರಿಗೂ ಬರುತ್ತದೆ. ಚಿಗುರು ಗೋಧಿ ಕಾಳಿನಷ್ಟಿದ್ದಾಗಲೇ ಬೇವಿನೆಣ್ಣೆ ಹೊಡೆದರೆ ಪರವಾಗಿಲ್ಲ, ಎಲೆ ಮುರುಟಿದ ಮೇಲೆ ಹೊಡೆದು ಪ್ರಯೋಜನವಿಲ್ಲ. ನಿಂಬೆ ಚಿಟ್ಟೆಯ ಮರಿಹುಳು ಮೊದಮೊದಲು ಹಕ್ಕಿಯ ಹಿಕ್ಕೆಯಂತೆ ಕಂಡು ಮೋಸ ಮಾಡುತ್ತದೆ, ಆಮೇಲೆ ಹಸಿರಾಗಿ ಬೆರಳು ಗಾತ್ರಕ್ಕೆ ಕೊಬ್ಬುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೋಡು ಚಾಚಿ ಕೆಟ್ಟ ವಾಸನೆ ಬಿಡುತ್ತದೆ. ಮಗಳಿಗೆ ಅದೇ ಆಟ. ಹಾಗಾಗಿ ಅವುಗಳಿಗೆ ಔಷಧ ಹೊಡೆಯುವ ಅಧಿಕಾರ ನನಗೆ ಉಳಿದಿಲ್ಲ. ಸಿಕ್ಕವನ್ನು ಎತ್ತಿ ಕರಿಬೇವಿಗೆ ಬಿಡುತ್ತೇನೆ. ಎರಡೂ ಒಂದೇ ಕುಟುಂಬದ ಗಿಡಗಳು, ಅವು ಅಲ್ಲಿಯೂ ಹೊಟ್ಟೆ ಹೊರೆದುಕೊಳ್ಳುತ್ತವೆ.

ಇನ್ನು ಕಾಯಿಯ ಮಾತು. ಮೊದಲ ವರ್ಷ ಹೂವನ್ನೆಲ್ಲ ಚಿವುಟಿದೆ. 2021ರಲ್ಲಿ 14, ಮರುವರ್ಷ ಅರವತ್ತರ ಆಸುಪಾಸು, 2023ರಲ್ಲಿ ಕತ್ತರಿಗೆ ಮುಂಚೆ ಮೂವತ್ತು ಚಿಲ್ಲರೆ, 2024ರಲ್ಲಿ ಎಪ್ಪತ್ತು. ಈ ವರ್ಷ ಈಗಾಗಲೇ 150 ದಾಟಿದೆ. ಹೂವು ಕಾಯಾಗಿ ಕೈಗೆ ಬರಲು ಮೂರರಿಂದ ನಾಲ್ಕು ತಿಂಗಳು ಸಾಕು. ನಾಟಿ ನಿಂಬೆಗೆ ಐದಾರು ತಿಂಗಳು ಬೇಕು. ವರ್ಷವಿಡೀ ಅಲ್ಲೊಂದು ಇಲ್ಲೊಂದು ಇದ್ದೇ ಇರುತ್ತದೆ, ಆದರೆ ರಾಶಿಯಾಗಿ ಸಿಗುವುದು ಮಳೆಗಾಲದಲ್ಲಿ, ಪೇಟೆಯಲ್ಲೂ ನಿಂಬೆಗೆ ಬೆಲೆಯಿಲ್ಲದಾಗ. 2022ರ ಏಪ್ರಿಲ್‌ನಲ್ಲಿ ಒಂದು ನಿಂಬೆಗೆ ಹತ್ತು ರೂಪಾಯಿ ಆಗಿದ್ದಾಗ ನಮ್ಮ ಗಿಡದಲ್ಲಿದ್ದದ್ದು ಎಂಟೇ ಎಂಟು.

ಒಂದನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ: 92 ಗ್ರಾಂ, ಹಿಂಡಿದರೆ ರಸವೂ ಧಾರಾಳ. ಸಂತೆಯ ನಾಟಿ ಹಣ್ಣು ನಲವತ್ತು ಗ್ರಾಂ ತೂಗಿದರೆ ಹೆಚ್ಚು. ಶರಬತ್ತು, ಪಾನಕ, ಕೋಸಂಬರಿಗೆ ಇದು ಹೇಳಿ ಮಾಡಿಸಿದಂತಿದೆ, ಬೀಜ ಹೆಕ್ಕುವ ಗೋಜಿಲ್ಲ. ಆದರೆ ಹುಳಿ ಸ್ವಲ್ಪ ಸಪ್ಪೆ, ಪರಿಮಳವೂ ಮೆದು. ಚಿತ್ರಾನ್ನಕ್ಕೆ ಹಿಂಡಿದರೆ ಬಿಸಿ ಅನ್ನದ ಮೇಲೆ ಆ ಘಮ್ಮೆನ್ನುವ ವಾಸನೆ ಏಳುವುದಿಲ್ಲ. ಇಂಡಿಯ ಸಹೋದ್ಯೋಗಿ ಊರಿಗೆ ಹೋಗಿ ಬಂದಾಗಲೆಲ್ಲ ಒಂದು ಚೀಲ ಕಾಗ್ಜಿ ನಿಂಬೆ ತಂದುಕೊಡುತ್ತಿದ್ದರು. ಕಾಗದದಷ್ಟು ತೆಳು ಸಿಪ್ಪೆ, ಉಗುರು ತಾಗಿದರೆ ಸಾಕು, ಕೋಣೆಯೇ ಘಮಘಮಿಸುತ್ತಿತ್ತು. 2023ರಲ್ಲಿ ಇಂಡಿ ನಿಂಬೆಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿದಾಗ ಅವರು ಶಾಖೆಯ ಎಲ್ಲರಿಗೂ ಪೇಡ ಹಂಚಿದರು. ಅವರೆದುರು ನನ್ನ ಗಿಡದ ಹೊಗಳಿಕೆಗೆ ಬಾಯಿ ತೆರೆಯುವುದು ಕಷ್ಟವೇ.

ಹೊಸಬರು ತಪ್ಪು ಮಾಡುವುದು ಕೀಳುವ ಹೊತ್ತಿನಲ್ಲಿ. ನಾಟಿಯಂತೆ ಇದೂ ಹಳದಿಯಾಗಲಿ ಎಂದು ಕಾಯಬಾರದು. ನಾನು ಕಾದು, ತೊಟ್ಟಿನ ಎದುರು ತುದಿಯಲ್ಲಿ ಮೆತ್ತಗಾಗಿ ಕಂದು ತಿರುಗಿದ ಹತ್ತಾರು ಕಾಯಿ ಎಸೆದಿದ್ದೇನೆ. ಹಸಿರು ಸ್ವಲ್ಪ ತಿಳಿಯಾಗಿ, ಸಿಪ್ಪೆಯ ಒರಟು ಹೋಗಿ ಹೊಳಪು ಬಂದರೆ ಕೀಳಬೇಕು. ಅದನ್ನೂ ಎಳೆದು ಕೀಳದೆ ತೊಟ್ಟು ಕತ್ತರಿಸಿದರೆ ಫ್ರಿಜ್ಜಿನಲ್ಲಿ ಮೂರು ವಾರ ಇರುತ್ತದೆ.

ಲೆಕ್ಕ ಹಾಕಿದರೆ ಸಸಿ, ಗೊಬ್ಬರ, ಔಷಧ, ಡ್ರಮ್ಮು, ಗಿಡ ಹಾಳು ಮಾಡಿದ್ದಕ್ಕೆ ಕೊಟ್ಟ ಕೂಲಿ ಸೇರಿ ಮೂರು ಸಾವಿರದ ಮೇಲಾಗಿದೆ. ಇಷ್ಟು ವರ್ಷದ ಕಾಯಿಗೆ ಸರಾಸರಿ ಐದು ರೂಪಾಯಿ ಹಿಡಿದರೂ ಅಸಲು ಇನ್ನೂ ಹುಟ್ಟಿಲ್ಲ. ಕುಂಡದಲ್ಲೇ ಇಡುವವರಿಗೆ, ವರ್ಷಕ್ಕೊಮ್ಮೆ ಕತ್ತರಿ ಹಿಡಿಯಲು ಬೇಸರವಿಲ್ಲದವರಿಗೆ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದು ಮುಳ್ಳಿಗೆ ಹೆದರುವವರಿಗೆ ಧೈರ್ಯವಾಗಿ ಹೇಳುತ್ತೇನೆ, ಕೊಳ್ಳಿ. ಕೊಳ್ಳುವಾಗ ಚೀಟಿ ಓದುವ ಬದಲು ಕಸಿಯ ಗಂಟನ್ನು ನೋಡಿ. ಅದು ಸರಿಯಾಗಿ ಕೂಡಿರಬೇಕು, ಅದರ ಕೆಳಗೆ ಒಂದು ಚಿಗುರೂ ಇರಬಾರದು.

ಅತ್ತೆಯವರಿಗೆ ಈ ಗಿಡದ ಮೇಲೆ ಪ್ರೀತಿಯಿದೆ, ನಂಬಿಕೆಯಿಲ್ಲ. ಶುಕ್ರವಾರದ ನಿಂಬೆದೀಪಕ್ಕೆ ಇದನ್ನು ಒಪ್ಪಿಲ್ಲ. ಆಯುಧಪೂಜೆಯಲ್ಲಿ ಸ್ಕೂಟರಿನ ಚಕ್ರದಡಿಗೆ ಇಡಲು ಮಾತ್ರ ಅಡ್ಡಿಯಿಲ್ಲವಂತೆ. ಉಪ್ಪಿನಕಾಯಿಯ ಕಾಲ ಬಂದರೆ "ಸಂತೆಯಿಂದ ನೂರು ನಾಟಿ ನಿಂಬೆ ತಂದುಬಿಡಮ್ಮ, ಈ ಸಿಪ್ಪೆ ಉಪ್ಪು ಹಿಡಿಯುವುದಿಲ್ಲ" ಎನ್ನುತ್ತಾರೆ. ತರುತ್ತೇನೆ. ಹಿಂದಿನ ಬಾಗಿಲಿಗೆ ದಾರಿ ಅದೇ ಪಟ್ಟಿಯಲ್ಲಿ, ಬಾಗಿದ ಕೊಂಬೆಗಳ ಕೆಳಗೆ. ತಲೆಗೆ ಕಾಯಿ ತಾಗದಂತೆ ಬಗ್ಗಿ, ನಿಂಬೆಯ ಚೀಲವನ್ನು ಒಳಗೆ ಒಯ್ಯುತ್ತೇನೆ.