ಗದ್ದೆ ಬದುವಿನ ಮೇಲೆ ಬ್ಯಾಟರಿ ಬದಲಿಸುತ್ತಾ: ಗ್ಯಾಲಕ್ಸಿ ಎಕ್ಸ್‌ಕವರ್ 7 ಜೊತೆ ಸುಮಾರು ಎರಡು ವರ್ಷ

ನಾನು ಮಂಡ್ಯ ತಾಲ್ಲೂಕಿನಲ್ಲಿ ಕೆಲಸ ಮಾಡುವ ಪರವಾನಗಿ ಭೂಮಾಪಕ. ಹದ್ದುಬಸ್ತು (ಜಮೀನಿನ ಗಡಿ ಗುರುತಿಸುವುದು), ಪೋಡಿ (ಜಮೀನನ್ನು ಭಾಗ ಮಾಡಿ ಬೇರೆ ನಂಬರ್ ಕೊಡುವುದು), 11ಇ ನಕ್ಷೆ (ಜಮೀನಿನ ಭಾಗ ಮಾರುವ ಮುನ್ನ ಬೇಕಾಗುವ ನಕ್ಷೆ) ಎಂದು ತಿಂಗಳಲ್ಲಿ ಇಪ್ಪತ್ತು ದಿನವಾದರೂ ಹೊಲಗದ್ದೆಗಳಲ್ಲೇ ಕಳೆಯುತ್ತದೆ. ಇಂದು ಕೊತ್ತತ್ತಿ ಕಡೆಯ ಕಬ್ಬಿನ ಗದ್ದೆಯಾದರೆ ನಾಳೆ ಬಸರಾಳಿನ ರಾಗಿ ಹೊಲ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ಮತ್ತೆ ಚಾರ್ಜರ್ ಕಣ್ಣಿಗೆ ಬೀಳುವುದು ದೀಪ ಹಚ್ಚುವ ಹೊತ್ತಿಗೆ. ಅಷ್ಟು ಹೊತ್ತೂ ಸರ್ವೆ ನಂಬರ್ ಹುಡುಕಲು ಸರ್ಕಾರದ ನಕ್ಷೆ ಆ್ಯಪ್ ದಿಶಾಂಕ್ ತೆರೆದಿರುತ್ತದೆ, ಜಿಪಿಎಸ್ ಚಾಲೂ ಇರುತ್ತದೆ, ಬಾಂದು ಕಲ್ಲುಗಳ (ಗಡಿ ಕಲ್ಲುಗಳ) ಫೋಟೊ ತೆಗೆಯುತ್ತಿರುತ್ತೇನೆ, ಬಿಸಿಲಿನಲ್ಲಿ ಪರದೆ ಕಾಣಲೆಂದು ಬೆಳಕನ್ನು ತುದಿಗೆ ಏರಿಸಿರುತ್ತೇನೆ. (ಅಳತೆಯನ್ನು ಮಾತ್ರ ಫೋನಿನಲ್ಲಿ ಮಾಡುವುದಿಲ್ಲ. ಅದರ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಅರ್ಧ ಗುಂಟೆಗೆ ಅಣ್ಣತಮ್ಮಂದಿರು ಮಾತು ಬಿಟ್ಟಿರುವ ಕಡೆ ಅದು ನಡೆಯುವುದಿಲ್ಲ.) ಇಷ್ಟು ದುಡಿದರೆ ಯಾವ ಫೋನಾದರೂ ಮಧ್ಯಾಹ್ನದ ಊಟದ ಹೊತ್ತಿಗೆ ಸೋಲುತ್ತದೆ.

ನಾನು ಬ್ಯಾಟರಿ ಬದಲಿಸಬಹುದಾದ ಫೋನಿಗೆ ಬಂದದ್ದು ಒಂದು ಪೆಟ್ಟು ತಿಂದ ಮೇಲೆ. 2023ರ ಏಪ್ರಿಲ್‌ನಲ್ಲಿ ದುದ್ದ ಹೋಬಳಿಯ ಒಂದು ಊರಿನಲ್ಲಿ ಹದ್ದುಬಸ್ತು ಇತ್ತು. ಆಗ ನನ್ನ ಬಳಿ ಇದ್ದದ್ದು ಹಿಂಭಾಗವನ್ನು ಅಂಟು ಹಾಕಿ ಮುಚ್ಚಿದ ಫೋನ್, ಮೂರು ವರ್ಷ ಹಳೆಯದು. ಬೈಕಿನ ಟ್ಯಾಂಕ್ ಮೇಲಿನ ಚೀಲದಲ್ಲಿಟ್ಟು ಹೋಗಿದ್ದೆ. ಹೊಲದಲ್ಲಿ ತೆಗೆದು ನೋಡಿದರೆ ಹಿಂದಿನ ಗಾಜು ಒಂದು ಅಂಚಿನಲ್ಲಿ ಮೇಲೆದ್ದಿದೆ, ಬೆರಳ ಉಗುರು ಒಳಗೆ ಹೋಗುವಷ್ಟು. ಬ್ಯಾಟರಿ ಉಬ್ಬಿತ್ತು. ಲಿಥಿಯಂ ಬ್ಯಾಟರಿ ಹಳೆಯದಾಗಿ ಶಾಖವೂ ಸೇರಿದಾಗ ಒಳಗಿನ ದ್ರಾವಣ ಒಡೆದು ಅನಿಲವಾಗುತ್ತದೆ. ಹೊರಹೋಗಲು ದಾರಿಯಿಲ್ಲದೆ ಬ್ಯಾಟರಿಯ ಹೊದಿಕೆ ಊದಿಕೊಳ್ಳುತ್ತದೆ. ಆ ಹೊತ್ತಿಗೆ ಹನ್ನೊಂದು ಕಲ್ಲುಗಳ ಫೋಟೊ ತೆಗೆದಾಗಿತ್ತು. ಹನ್ನೆರಡನೆಯದಕ್ಕೆ ಫೋನ್ ಆರಿತು, ಮತ್ತೆ ಹತ್ತಲಿಲ್ಲ.

ಮೈಸೂರಿನ ಒಂದು ಸೇವಾ ಕೇಂದ್ರಕ್ಕೆ ಕೊಟ್ಟೆ. ಆರು ದಿನ ಇಟ್ಟುಕೊಂಡರು. ಒಳಗಿನದ್ದನ್ನೆಲ್ಲ ಅಳಿಸುತ್ತೇವೆ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡೇ ಕೈಗೆತ್ತಿಕೊಂಡರು. ಅಂಟು ಕರಗಿಸಲು ಬಿಸಿ ಮಾಡುವಾಗ ಹಿಂದಿನ ಗಾಜು ಸೀಳಿತು, ಅದರ ದುಡ್ಡನ್ನೂ ನಾನೇ ಕೊಟ್ಟೆ. ದುಡ್ಡು ಹೋದರೆ ಹೋಗಲಿ. ಅಕ್ಕಪಕ್ಕದ ಹಿಡುವಳಿದಾರರಿಗೆ ಮತ್ತೆ ತಿಳಿಸಿ, ಕೂಲಿ ಬಿಟ್ಟು ಬಂದ ಮೂವರು ಅಣ್ಣತಮ್ಮಂದಿರನ್ನು ಇನ್ನೊಂದು ದಿನ ಅದೇ ಬಿಸಿಲಿನಲ್ಲಿ ನಿಲ್ಲಿಸಿದೆನಲ್ಲ, ಆ ನೋವು ಈಗಲೂ ಇದೆ. ಸೈಕಲ್ಲಿನ ಟೈರಿನಂತೆ, ಪಂಪಿನ ವಾಷರಿನಂತೆ ಬ್ಯಾಟರಿ ಸವೆಯುವ ಭಾಗ. ಸವೆಯುವ ಭಾಗವನ್ನು ಬಿಚ್ಚಲಾಗದಂತೆ ಅಂಟಿಸುವುದು ತಪ್ಪು ಎಂದು ನನಗೆ ಅಂದೇ ಖಚಿತವಾಯಿತು.

2024ರ ಫೆಬ್ರವರಿಯಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಕ್ಸ್‌ಕವರ್ 7 ಭಾರತಕ್ಕೆ ಬಂದಿತು. ಅಂಗಡಿಗಳಲ್ಲಿ ಇರಲಿಲ್ಲ, ಕಂಪನಿಯ ಜಾಲತಾಣದಲ್ಲಿ ಮಾತ್ರ. ಸಾಮಾನ್ಯ ಆವೃತ್ತಿಯ ಬೆಲೆ ಆಗ 27,208 ರೂಪಾಯಿ. ಮಾರ್ಚ್‌ನಲ್ಲಿ ತರಿಸಿಕೊಂಡೆ. 4050 ಎಂಎಎಚ್ ಬ್ಯಾಟರಿ, 6.6 ಇಂಚಿನ ಪರದೆ, 240 ಗ್ರಾಂ ತೂಕ, ನೀರು ದೂಳಿಗೆ ಐಪಿ68 ರಕ್ಷಣೆ. ಅದೇ ಬೆಲೆಗೆ ಇದಕ್ಕಿಂತ ಒಳ್ಳೆಯ ಕ್ಯಾಮೆರಾ, ಇದಕ್ಕಿಂತ ಚುರುಕಾದ ಫೋನ್ ಸಿಗುತ್ತಿದ್ದವು ಎಂಬುದು ನಿಜ. ನನಗೆ ಬೇಕಾಗಿದ್ದದ್ದು ಅದರ ಹಿಂದಿನ ಮುಚ್ಚಳ.

ಬ್ಯಾಟರಿ ಬದಲಿಸುವುದನ್ನು ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಮರೆತವರೇ ಹೆಚ್ಚು. ಫೋನ್ ಆಫ್ ಮಾಡಿ ಬೋರಲು ಹಾಕಬೇಕು. ಅಂಚಿನಲ್ಲಿ ಉಗುರು ಹಿಡಿಯುವಷ್ಟು ಒಂದು ಕಚ್ಚು ಇದೆ. ಅಲ್ಲಿ ಹೆಬ್ಬೆರಳಿನ ಉಗುರು ಸಿಕ್ಕಿಸಿ ಎಳೆದರೆ ಮುಚ್ಚಳ ಟಪ್ ಟಪ್ ಎಂದು ಒಂದೊಂದೇ ಕೊಂಡಿ ಬಿಡುತ್ತಾ ಏಳುತ್ತದೆ. ಹಳೆಯ ಬ್ಯಾಟರಿಯನ್ನು ಎತ್ತಿ, ಹೊಸದರ ಲೋಹದ ತುದಿಗಳನ್ನು ಫೋನಿನ ತುದಿಗಳಿಗೆ ಕೂಡಿಸಿ ಒತ್ತಿದರೆ ಕುಳಿತುಕೊಳ್ಳುತ್ತದೆ. ಮುಚ್ಚಳ ಹಾಕಿ ಸುತ್ತಲೂ ಒತ್ತಿಕೊಂಡು ಬರಬೇಕು. ಫೋನ್ ಮತ್ತೆ ಹತ್ತುವವರೆಗೆ ಎಲ್ಲ ಸೇರಿ ಎರಡು ನಿಮಿಷ. ಶೇ 6ಕ್ಕೆ ಇಳಿದಿದ್ದ ಫೋನ್ ಶೇ 100ಕ್ಕೆ ಬಂದಿರುತ್ತದೆ.

ಕೊತ್ತತ್ತಿ ಹತ್ತಿರ ನಾಲೆ ಏರಿಯ ಮೇಲೆ ಹೊಂಗೆ ಮರದಡಿ ಕುಳಿತು ಒಮ್ಮೆ ಹೀಗೆ ಬದಲಿಸುತ್ತಿದ್ದಾಗ ಜಮೀನಿನ ಯಜಮಾನರು ಬಗ್ಗಿ ನೋಡಿದರು. ಎಪ್ಪತ್ತು ದಾಟಿದವರು.

"ಏನಪ್ಪಾ ಸರ್ವೆಯರ್ರೇ, ಫೋನಿನ ಬೆನ್ನು ಬಿಚ್ಚಿಬಿಟ್ಟಿರಿ?"

"ಬ್ಯಾಟರಿ ಮುಗಿಯಿತು ಗೌಡರೇ. ಬೇರೆ ಹಾಕುತ್ತಿದ್ದೇನೆ."

"ಹಾಗೆನ್ನಿ. ನಾವು ಬ್ಯಾಟರಿಗೆ ಸೆಲ್ಲು ಹಾಕುತ್ತಿದ್ದ ಹಾಗೆ."

ನಮ್ಮ ಹಳ್ಳಿಗಳಲ್ಲಿ ಬ್ಯಾಟರಿ ಎಂದರೆ ಟಾರ್ಚು, ಒಳಗಿರುವುದು ಸೆಲ್ಲು. ರಾತ್ರಿ ನೀರು ಕಟ್ಟಲು ಹೋಗುವವರು ಸೆಲ್ಲು ಇಳಿದರೆ ಹೊಸದು ಹಾಕುತ್ತಿದ್ದರು. ಟಾರ್ಚನ್ನೇ ಎಸೆಯಬೇಕು ಎಂದು ಯಾರೂ ಹೇಳುತ್ತಿರಲಿಲ್ಲ. ನಮ್ಮ ತಂದೆಯವರ ನೋಕಿಯಾ 1100 ಕೂಡ ಹಾಗೆಯೇ ನಡೆಯಿತು. ಬಿಎಲ್-5ಸಿ ಬ್ಯಾಟರಿ ಅದರದ್ದು. ನಾಲ್ಕೋ ಐದೋ ಬ್ಯಾಟರಿ ಬದಲಾದವು, ಫೋನ್ ಮಾತ್ರ ಅದೇ ಇತ್ತು.

ಬ್ಯಾಟರಿಗಳ ವಿಷಯದಲ್ಲಿ ನನ್ನ ಪದ್ಧತಿ ಇದು. ಎರಡು ಬ್ಯಾಟರಿಗಳ ಮೇಲೂ ಕಲ್ಲಿಗೆ ಗುರುತು ಹಾಕುವ ಪೆನ್ನಿನಿಂದ 1, 2 ಎಂದು ಬರೆದು ತಂದ ತಿಂಗಳನ್ನೂ ಬರೆದಿದ್ದೇನೆ. ರಾತ್ರಿ ಊಟಕ್ಕೆ ಮೊದಲು ಒಂದನ್ನು ಫೋನಿನಲ್ಲಿಟ್ಟು ಚಾರ್ಜ್ ಮಾಡುತ್ತೇನೆ, ಮಲಗುವ ಮುನ್ನ ಎರಡನೆಯದನ್ನು. ಈ ಫೋನಿನ ಚಾರ್ಜಿಂಗ್ 15 ವಾಟ್ ಅಷ್ಟೆ, ಆದ್ದರಿಂದ ಅವಸರದವರಿಗೆ ಬೇಸರವಾಗಬಹುದು. ಹಿಂದೆ ಎಲ್ಲರ ಮನೆಯಲ್ಲೂ ಇದ್ದ, ಬಣ್ಣದ ದೀಪ ಮಿನುಗಿಸುವ ಕ್ಲಿಪ್ ಚಾರ್ಜರ್‌ಗೆ ಈ ಬ್ಯಾಟರಿಯನ್ನು ಸಿಕ್ಕಿಸಬೇಡಿ. ಅದು ಬ್ಯಾಟರಿಯ ಎರಡೇ ಲೋಹದ ತುದಿಗಳನ್ನು ಮುಟ್ಟುತ್ತದೆ, ಬ್ಯಾಟರಿ ಬಿಸಿಯಾಗುತ್ತಿದೆಯೇ ಎಂದು ನೋಡುವ ವ್ಯವಸ್ಥೆ ಅದಕ್ಕಿಲ್ಲ. ವಾರಗಟ್ಟಲೆ ಬಳಸದೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿ, ತಂಪಾದ ಕಡೆ ಇಡಿ. ತುಂಬಿದ ಬ್ಯಾಟರಿಯನ್ನು ಬಿಸಿಲಿಗೆ ಬಿಟ್ಟಷ್ಟು ಬೇಗ ಅದನ್ನು ಸವೆಸುವ ಕೆಲಸ ಬೇರೊಂದಿಲ್ಲ.

ಪವರ್ ಬ್ಯಾಂಕ್ ಸಾಕಲ್ಲವೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ನಾನೂ ಎರಡು ವರ್ಷ ಪವರ್ ಬ್ಯಾಂಕ್ ಹೊತ್ತಿದ್ದೇನೆ. ಗದ್ದೆಯಲ್ಲಿ ಒಂದು ಕೈಯಲ್ಲಿ ಟಿಪ್ಪಣಿ, ಇನ್ನೊಂದು ಕೈಯಲ್ಲಿ ಫೋನ್, ಜೇಬಿನಿಂದ ತಂತಿ ಜೋತಾಡುತ್ತಿರುತ್ತದೆ; ಕಬ್ಬಿನ ಗರಿಗೆ ಸಿಕ್ಕಿಕೊಂಡರೆ ಚಾರ್ಜ್ ಮಾಡುವ ತೂತೇ ಹಾಳು. ಬಿಸಿಲಿನಲ್ಲಿ ಕೆಲಸವನ್ನೂ ಮಾಡಿಸಿಕೊಂಡು ಚಾರ್ಜನ್ನೂ ತುಂಬಿಸಿದರೆ ಫೋನ್ ಬಾಣಲೆಯಂತೆ ಕಾಯುತ್ತದೆ, ಅದರಿಂದ ಒಳಗಿನ ಬ್ಯಾಟರಿ ಇನ್ನೂ ಬೇಗ ಸಾಯುತ್ತದೆ. ಸವೆದ ಬ್ಯಾಟರಿಯನ್ನು ಪವರ್ ಬ್ಯಾಂಕ್ ಗುಣಪಡಿಸುವುದೂ ಇಲ್ಲ.

ಮುಚ್ಚಳ ತೆಗೆಯಬಹುದಾದರೆ ನೀರು ಹೋಗುವುದಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಹೋಗುವುದಿಲ್ಲ, ನೀವು ಒಂದು ಕೆಲಸ ಮಾಡಿದರೆ. ಮುಚ್ಚಳದ ಒಳಬದಿಯಲ್ಲಿ ಸುತ್ತಲೂ ತೆಳ್ಳಗಿನ ರಬ್ಬರ್ ಅಂಚು ಇದೆ. ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಅದರ ಮೇಲೆ ಒಂದು ಮರಳಿನ ಕಣ, ಒಂದು ಭತ್ತದ ಹೊಟ್ಟು ಕುಳಿತರೂ ನೀರಿಗೆ ದಾರಿಯಾಯಿತು. ನಾನು ಜೇಬಿನಲ್ಲಿ ಕನ್ನಡಕ ಒರೆಸುವ ಬಟ್ಟೆ ಇಟ್ಟುಕೊಂಡಿರುತ್ತೇನೆ. ಮುಚ್ಚಳ ಹಾಕುವ ಮುನ್ನ ರಬ್ಬರನ್ನೂ ಅದು ಕೂರುವ ಜಾಗವನ್ನೂ ಒಂದು ಸುತ್ತು ಒರೆಸುತ್ತೇನೆ. ಮಳೆ ಬೀಳುತ್ತಿದ್ದರೆ ಎಷ್ಟೇ ಅವಸರವಿದ್ದರೂ ಬಿಚ್ಚುವುದಿಲ್ಲ. ಕಳೆದ ಆಗಸ್ಟ್‌ನಲ್ಲಿ ನಾಟಿ ಮಾಡಿದ ಗದ್ದೆಯ ಬದುವಿನಲ್ಲಿ ಕಾಲು ಜಾರಿದಾಗ ಫೋನ್ ಮೊಣಕೈ ಆಳದ ಕೆಸರು ನೀರಿಗೆ ಬಿದ್ದಿತು. ಹುಡುಕಿ ತೆಗೆಯಲು ನಾಲ್ಕೈದು ನಿಮಿಷ ಹಿಡಿಯಿತು. ಕೊಳವೆಬಾವಿಯ ನೀರಿನಲ್ಲಿ ತೊಳೆದು ಮನೆಗೆ ತಂದು ಪೂರ್ತಿ ಒಣಗಿದ ಮೇಲೆ ಬಿಚ್ಚಿ ನೋಡಿದೆ. ರಬ್ಬರಿನ ಹೊರಗೆ ಕೆಸರಿನ ಗೆರೆ, ಒಳಗೆ ಒಂದು ಹನಿಯೂ ಇಲ್ಲ.

ಈ ಬಗೆಯ ಫೋನಿನ ನಿಜವಾದ ಕಷ್ಟ ಬೇರೆ ಕಡೆ ಇದೆ. ಮುಚ್ಚಳ ತೆಗೆಯುವುದು ಸುಲಭ, ಅಸಲಿ ಬ್ಯಾಟರಿ ಸಿಗುವುದು ಕಷ್ಟ. ಮಂಡ್ಯದಲ್ಲಿ ಕೇಳಿದ ಅಂಗಡಿಗಳಲ್ಲೆಲ್ಲ ಒಂದೇ ಉತ್ತರ: ಇದನ್ನು ಕೇಳುವವರೇ ಇಲ್ಲ, ನಾವು ತರಿಸುವುದಿಲ್ಲ. ಆಗ ನಾನು ಒಂದು ತಪ್ಪು ಮಾಡಿದೆ. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರನಿಂದ ಅಗ್ಗದ ಬ್ಯಾಟರಿ ತರಿಸಿದೆ. ಮೇಲಿನ ಚೀಟಿ ಅಸಲಿಯಂತೆಯೇ ಇತ್ತು, 4050 ಎಂದೂ ಬರೆದಿತ್ತು. ಎರಡನೇ ವಾರದಿಂದ ಶೇ 30 ತೋರಿಸುತ್ತಿದ್ದಾಗಲೇ ಫೋನ್ ದಿಢೀರನೆ ಆರತೊಡಗಿತು. ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ಎರಡನ್ನೂ ತೂಗಿಸಿದೆ. ನಕಲಿ ಒಂಬತ್ತು ಗ್ರಾಂ ಹಗುರ! ಒಳಗೆ ಸರಕೇ ಕಡಿಮೆ ಇದ್ದರೆ ಶಕ್ತಿ ಎಲ್ಲಿಂದ ಬರಬೇಕು? ಇನ್ನೊಂದು ಸಂಗತಿ ಆಮೇಲೆ ಗಮನಕ್ಕೆ ಬಂದಿತು. ಅದು ಅಸಲಿಗಿಂತ ಕೂದಲೆಳೆಯಷ್ಟು ದಪ್ಪವಿತ್ತು, ಆದ್ದರಿಂದ ಮುಚ್ಚಳದ ಒಂದು ಮೂಲೆ ಸರಿಯಾಗಿ ಕೂರುತ್ತಿರಲಿಲ್ಲ. ಆ ಸ್ಥಿತಿಯಲ್ಲಿ ಫೋನ್ ಗದ್ದೆಗೆ ಬಿದ್ದಿದ್ದರೆ ಕಥೆ ಮುಗಿಯುತ್ತಿತ್ತು.

ಅಸಲಿಯನ್ನು ಕೊನೆಗೆ ಅಧಿಕೃತ ಸೇವಾ ಕೇಂದ್ರದ ಮೂಲಕ ಮುಂಗಡ ಕೊಟ್ಟು ತರಿಸಿದೆ. ಫೋನಿನ ಬೆಲೆಯ ಹತ್ತನೇ ಒಂದು ಭಾಗವೂ ಆಗಲಿಲ್ಲ. ನೀವು ಬ್ಯಾಟರಿ ಕೊಳ್ಳುವಾಗ ಚೀಟಿಯ ಮೇಲೆ ಐಎಸ್ 16046 ಎಂಬ ಮಾನಕದ ಸಂಖ್ಯೆ ಮತ್ತು ಆರ್ ಅಕ್ಷರದಿಂದ ಶುರುವಾಗುವ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಸಂಖ್ಯೆ ಇವೆಯೇ ನೋಡಿ. ಆ ನೋಂದಣಿ ಸಂಖ್ಯೆ ಯಾರ ಹೆಸರಿನಲ್ಲಿದೆ ಎಂದು ಬಿಐಎಸ್‌ನ ಮೊಬೈಲ್ ಆ್ಯಪ್‌ನಲ್ಲಿ ಪರೀಕ್ಷಿಸಬಹುದು. ನಕಲಿಯ ಮೇಲೂ ಸಂಖ್ಯೆ ಅಚ್ಚಾಗಿರುತ್ತದೆ, ಆದ್ದರಿಂದ ಬರೀ ನೋಡಿ ಬಿಡಬೇಡಿ. ಫೋನ್ ಮಾರಾಟದಲ್ಲಿರುವಾಗಲೇ ಎರಡನೇ ಬ್ಯಾಟರಿ ತೆಗೆದುಕೊಂಡುಬಿಡಿ ಎಂಬುದು ನನ್ನ ಗಟ್ಟಿ ಸಲಹೆ.

ಬ್ಯಾಟರಿ ಕೈಯಿಂದ ತೆಗೆಯುವಂತಿದ್ದರೆ ಎಷ್ಟು ವ್ಯತ್ಯಾಸ ಎಂಬುದಕ್ಕೆ ಎರಡು ಹಳೆಯ ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. 2007ರ ಆಗಸ್ಟ್‌ನಲ್ಲಿ ನೋಕಿಯಾ ತನ್ನ ಬಿಎಲ್-5ಸಿ ಬ್ಯಾಟರಿಗಳಲ್ಲಿ 4.6 ಕೋಟಿಯಷ್ಟು ಚಾರ್ಜ್ ಆಗುವಾಗ ಅತಿಯಾಗಿ ಬಿಸಿಯಾಗಬಹುದು ಎಂದು ಎಚ್ಚರಿಸಿತು. ಜನ ಬ್ಯಾಟರಿ ಹೊರತೆಗೆದು ಹಿಂದಿನ ಉದ್ದನೆಯ ಸಂಖ್ಯೆ ಓದಿ, ತಮ್ಮದು ಆ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಂಡರು. ಇದ್ದವರಿಗೆ ಬೇರೆ ಬ್ಯಾಟರಿ ಬಂದಿತು, ಫೋನ್ ಮನೆಯಲ್ಲೇ ಉಳಿಯಿತು. 2016ರಲ್ಲಿ ಗ್ಯಾಲಕ್ಸಿ ನೋಟ್ 7ರ ಬ್ಯಾಟರಿಯಲ್ಲಿ ದೋಷ ಕಂಡಾಗ ಅದು ಒಳಗೆ ಮುಚ್ಚಿದ ಬ್ಯಾಟರಿ. ಮೊದಲು 25 ಲಕ್ಷ ಫೋನ್‌ಗಳನ್ನೇ ವಾಪಸ್ ಕರೆಯಬೇಕಾಯಿತು, ಕೊನೆಗೆ ಆ ಮಾದರಿಯನ್ನೇ ನಿಲ್ಲಿಸಿದರು.

ಯುರೋಪಿಯನ್ ಒಕ್ಕೂಟದ ಬ್ಯಾಟರಿ ನಿಯಮದ ಪ್ರಕಾರ 2027ರ ಫೆಬ್ರವರಿ 18ರಿಂದ ಇಂಥ ಉಪಕರಣಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಹಾಕುವಂತಿರಬೇಕು. ಆದರೆ ಫೋನ್‌ಗಳಿಗೆ ಒಂದು ಬಾಗಿಲು ತೆರೆದಿಟ್ಟಿದ್ದಾರೆ: 1000 ಸಲ ಚಾರ್ಜ್ ಆದ ಮೇಲೂ ಶೇ 80ರಷ್ಟು ಶಕ್ತಿ ಉಳಿಸಿಕೊಳ್ಳುವ, ನೀರು ದೂಳು ತಡೆಯುವ ಫೋನಾದರೆ ಅಂಟಿಸಿಯೇ ಮಾರಬಹುದು. ಹಾಗಾಗಿ ಎಲ್ಲ ಫೋನ್‌ಗಳ ಬೆನ್ನೂ ಬಿಚ್ಚುವ ಕಾಲ ಬರುತ್ತದೆಂದು ನಾನು ಕಾಯುತ್ತಾ ಕೂರುವುದಿಲ್ಲ. ನಮ್ಮಲ್ಲಿ 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ದುರಸ್ತಿ ಹಕ್ಕಿನ ಜಾಲತಾಣ ತೆರೆದಿದೆ. ಬಿಡಿಭಾಗ ಮಂಡ್ಯದಂಥ ಊರಿನ ಅಂಗಡಿಗೆ ಬಂದು ತಲುಪಿದರೆ ಮಾತ್ರ ಆ ಹಕ್ಕು ನನ್ನ ಕೈಗೆ ಬಂದ ಹಾಗೆ.

ಯಾರಿಗೆ ಈ ಫೋನ್ ಬೇಡ ಎಂಬುದನ್ನೂ ಹೇಳಬೇಕು. ಕಚೇರಿಯಲ್ಲಿ ಮೇಜಿನ ಮುಂದೆ ಕೂರುವವರಿಗೆ ಇದರ ತೂಕ ಹೊರೆ. ರಾತ್ರಿ ಮದುವೆ ಮನೆಯಲ್ಲಿ ಫೋಟೊ ತೆಗೆಯುವ ಆಸೆಯಿದ್ದರೆ ಬೇರೆ ನೋಡಿ. ಲೈನ್‌ಮನ್‌ಗಳು, ಹಾಲಿನ ವಾಹನ ಓಡಿಸುವವರು, ಆಶಾ ಕಾರ್ಯಕರ್ತೆಯರು, ನನ್ನಂಥ ಸರ್ವೆಯವರು, ದಿನವಿಡೀ ಹೊರಗೆ ದುಡಿಯುವ ಯಾರಿಗಾದರೂ ಧೈರ್ಯವಾಗಿ ಹೇಳುತ್ತೇನೆ.

ಇಪ್ಪತ್ತೊಂದು ತಿಂಗಳ ಬಳಿಕ ನನ್ನ 1ನೇ ಬ್ಯಾಟರಿ ಸೋಲುತ್ತಿದೆ. ಮೊದಲು ಮಧ್ಯಾಹ್ನ ಎರಡರವರೆಗೆ ಬರುತ್ತಿದ್ದದ್ದು ಈಗ ಹನ್ನೆರಡೂವರೆಗೆ ಕೈಬಿಡುತ್ತದೆ. ಸಮತಟ್ಟಾದ ಮೇಜಿನ ಮೇಲಿಟ್ಟು ತಿರುಗಿಸಿ ನೋಡಿದೆ, ಇನ್ನೂ ಉಬ್ಬಿಲ್ಲ. ಬೇಸಿಗೆ ಶುರುವಾಗುವ ಮುನ್ನ ಅದನ್ನು ನಿವೃತ್ತಿ ಮಾಡಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡುತ್ತೇನೆ, ಕಸದ ಬುಟ್ಟಿಗೆ ಹಾಕುವುದಿಲ್ಲ. ಮೂರನೆಯದಕ್ಕೆ ಕಳೆದ ಸೋಮವಾರ ಮುಂಗಡ ಕೊಟ್ಟು ಬಂದಿದ್ದೇನೆ. ಹದಿನೈದು ದಿನದಲ್ಲಿ ಬರುತ್ತದೆ ಎಂದಿದ್ದಾರೆ.