ಡಬ್ಬಿ ಮೇಲೆ ಲೆಪ್ಟಿನ್, ಒಳಗೆ ಬರೀ ನಾರು

ಐದರಲ್ಲಿ ಒಂದೇ ಸ್ಟಾರ್. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಇಂಥ ಹಸಿವು ತಗ್ಗಿಸುವ ಮಾತ್ರೆಗಳನ್ನು ಕೊಳ್ಳುವವರಲ್ಲಿ ತೂಕದ ವಿಷಯಕ್ಕೆ ಮಾತು ಕೇಳಿ ಕೇಳಿ ನೊಂದವರೇ ಜಾಸ್ತಿ.

ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಲೆಪ್ಟಿನ್ (ಹಸಿವು ತಗ್ಗಿಸುವ, ನಮ್ಮ ದೇಹವೇ ಮಾಡುವ ಹಾರ್ಮೋನ್) ಅಂತಿದೆ, ಪಕ್ಕದಲ್ಲೊಂದು ಮೆದುಳಿನ ಚಿತ್ರ. ಹಿಂದೆ ತಿರುಗಿಸಿ ಸಣ್ಣ ಅಕ್ಷರ ಓದಿ: ಗ್ಲುಕೋಮನ್ನಾನ್ ಅನ್ನೋ ನಾರು, ಗ್ರೀನ್ ಟೀ ಸಾರ, ಕ್ರೋಮಿಯಂ. ಲೆಪ್ಟಿನ್ ಎಲ್ಲೂ ಇಲ್ಲ. ಇದ್ದಿದ್ದರೂ ಉಪಯೋಗ ಆಗುತ್ತಿರಲಿಲ್ಲ. ಲೆಪ್ಟಿನ್ ಒಂದು ಪ್ರೋಟೀನ್, ಇನ್ಸುಲಿನ್ ಥರಾನೇ ನುಂಗಿದರೆ ಜೀರ್ಣವಾಗಿ ಹೋಗುತ್ತದೆ, ಅದಕ್ಕೇ ಅದನ್ನು ಇಂಜೆಕ್ಷನ್ ಆಗಿ ಕೊಡುತ್ತಾರೆ.

ನನಗೆ ಬೇಜಾರಾಗಿದ್ದು ಆ ಹೆಸರನ್ನು ಬಳಸಿದ ರೀತಿಗೆ. ಅದರ ಹಿಂದೆ ದಶಕಗಳ ಕೆಲಸ ಇದೆ. ಅಮೆರಿಕದ ಜಾಕ್ಸನ್ ಲ್ಯಾಬೊರೇಟರಿಯಲ್ಲಿ ಡಗ್ಲಸ್ ಕೋಲ್‌ಮನ್ 1970ರ ಸುಮಾರಿಗೆ ದಪ್ಪ ಇಲಿಗಳ ರಕ್ತಸಂಚಾರವನ್ನು ಬೇರೆ ಇಲಿಗಳ ಜೊತೆ ಜೋಡಿಸಿ, ಹಸಿವು ತಗ್ಗಿಸುವ ಏನೋ ಒಂದು ರಕ್ತದಲ್ಲಿ ಹರಿಯುತ್ತಿದೆ ಅಂತ ತೋರಿಸಿದರು. ಅದು ಏನು ಅಂತ ಗೊತ್ತಾಗಿದ್ದು 1994ರಲ್ಲಿ. ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಅದರ ಜೀನ್ ಹಿಡಿಯಿತು. ನಮ್ಮ ಕೊಬ್ಬಿನ ಕೋಶಗಳೇ ಲೆಪ್ಟಿನ್ ಮಾಡುತ್ತವೆ. ಒಳಗೆ ಕೊಬ್ಬಿನ ದಾಸ್ತಾನು ಎಷ್ಟಿದೆ ಅಂತ ಅದು ಮೆದುಳಿನಲ್ಲಿ ಹಸಿವನ್ನು ನಿಯಂತ್ರಿಸುವ ಹೈಪೋಥಲಾಮಸ್ ಅನ್ನೋ ಭಾಗಕ್ಕೆ ತಿಳಿಸುತ್ತದೆ.

ಆಮೇಲೆ ಕೇಂಬ್ರಿಜ್‌ನಲ್ಲಿ ಸ್ಟೀಫನ್ ಒರಾಹಿಲಿ ಮತ್ತು ಸದಾಫ್ ಫಾರೂಕಿ ಅವರ ತಂಡಕ್ಕೆ ಇಬ್ಬರು ಮಕ್ಕಳು ಸಿಕ್ಕಿದರು, ಒಂದೇ ಬಳಗದವರು. ಅದರಲ್ಲಿ 8 ವರ್ಷದ ಹುಡುಗಿಯ ತೂಕ 86 ಕಿಲೋ. ಎಷ್ಟು ತಿಂದರೂ ಆ ಮಕ್ಕಳ ಹಸಿವು ತೀರುತ್ತಿರಲಿಲ್ಲ. ಅವರ ದೇಹ ಲೆಪ್ಟಿನ್ನನ್ನೇ ಮಾಡುತ್ತಿಲ್ಲ ಅಂತ 1997ರಲ್ಲಿ ಗೊತ್ತಾಯಿತು. ದಿನಾ ಲೆಪ್ಟಿನ್ ಇಂಜೆಕ್ಷನ್ ಕೊಟ್ಟ ಮೇಲೆ ಆ ಹುಡುಗಿ ಒಂದು ವರ್ಷದಲ್ಲಿ 16.4 ಕಿಲೋ ಇಳಿದಳು. ಯಾರೂ ಅವಳ ಬಾಯಿ ಕಟ್ಟಲಿಲ್ಲ. ಹಸಿವೇ ತಗ್ಗಿತು, ಅಷ್ಟೇ.

ಹಾಗಾದರೆ ಎಲ್ಲರಿಗೂ ಲೆಪ್ಟಿನ್ ಕೊಡಬಹುದಲ್ವಾ? ಆಗಲ್ಲ. ಅಂಥ ಕೊರತೆ ತೀರಾ ಅಪರೂಪ. ದಪ್ಪ ಇರುವ ಹೆಚ್ಚಿನವರ ರಕ್ತದಲ್ಲಿ ಲೆಪ್ಟಿನ್ ಕಮ್ಮಿ ಇರೋದಿಲ್ಲ, ಜಾಸ್ತಿಯೇ ಇರುತ್ತದೆ, ಸಂದೇಶ ಬರುತ್ತಲೇ ಇದ್ದರೂ ಮೆದುಳು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಅಂಥವರಿಗೆ ಇಂಜೆಕ್ಷನ್ ಕೊಟ್ಟು ನೋಡಿದಾಗಲೂ ದೊಡ್ಡ ಲಾಭ ಕಾಣಲಿಲ್ಲ. ಅಂದ ಮೇಲೆ 'ಲೆಪ್ಟಿನ್ ಹೆಚ್ಚಿಸುತ್ತದೆ' ಅನ್ನೋ ಜಾಹೀರಾತಿಗೆ ಏನರ್ಥ?

ಮಾತ್ರೆ ತಗೊಂಡಾಗ ಏನಾಗುತ್ತದೆ ಅಂದರೆ, ನಾರು ನೀರು ಹೀರಿ ಹೊಟ್ಟೆಯಲ್ಲಿ ಉಬ್ಬುತ್ತದೆ. ಸ್ವಲ್ಪ ಹೊತ್ತು ಹೊಟ್ಟೆ ತುಂಬಿದ ಹಾಗೆ ಅನಿಸಿತು. ಆಮೇಲೆ ಎಂದಿನ ಹಸಿವು. ತೂಕದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ.

ಜೊತೆಗೆ ಒಂದು ಚೀಟಿ ಇಟ್ಟಿದ್ದಾರೆ. ಫಲ ಸಿಗದಿದ್ದರೆ ನಿಮ್ಮ ಮನಸ್ಸು ಗಟ್ಟಿ ಇಲ್ಲ ಅಂತ ಅದರ ಅರ್ಥ. ಇದನ್ನು ಓದಿ ನಿಜಕ್ಕೂ ಸಿಟ್ಟು ಬಂತು. ಎಂಸಿ4ಆರ್ ಅನ್ನೋ ಒಂದೇ ಜೀನ್ ಕೆಟ್ಟರೂ ಹಸಿವು ಹೇಗೆ ಬದಲಾಗುತ್ತದೆ ಅಂತ ಇದೇ ಫಾರೂಕಿ ತಂಡ ತೋರಿಸಿದೆ. ನೋಡೋಕೆ, ರುಚಿಗೆ ಒಂದೇ ಥರ ಇರುವ ಮೂರು ಬಗೆಯ ಚಿಕನ್ ಕುರ್ಮಾ ಮುಂದಿಟ್ಟರು, ಕೊಬ್ಬಿನ ಅಂಶ ಮಾತ್ರ ಬೇರೆ ಬೇರೆ. ಆ ಜೀನ್ ಕೆಟ್ಟವರು ಗೊತ್ತೇ ಇಲ್ಲದೆ ಕೊಬ್ಬು ಜಾಸ್ತಿ ಇರೋದನ್ನೇ ಹೆಚ್ಚು ತಿಂದರು, ತೆಳ್ಳಗಿನವರು ತಿಂದಿದ್ದಕ್ಕಿಂತ ಹತ್ತಿರಹತ್ತಿರ ಎರಡರಷ್ಟು. ಇದರಲ್ಲಿ ಮನಸ್ಸಿನ ಗಟ್ಟಿತನ ಎಲ್ಲಿಂದ ಬಂತು? ಜನರ ಮೇಲಿನ ದೂರನ್ನು ತೆಗೆದುಹಾಕಿದ ವಿಜ್ಞಾನದ ಹೆಸರಲ್ಲೇ ಮತ್ತೆ ಜನರನ್ನು ದೂರುವುದು ಸರಿಯಲ್ಲ.

ಪ್ಯಾಕಿಂಗ್, ಡೆಲಿವರಿ ಸರಿ ಇತ್ತು. ವಾಪಸ್ ಕೊಡುವ ಬಗ್ಗೆ ಬರೆದಿದ್ದಕ್ಕೆ ಉತ್ತರ ಬಂದಿಲ್ಲ.

ಈಗಾಗಲೇ ಕೊಂಡವರು ದಯವಿಟ್ಟು ಸಾಕಷ್ಟು ನೀರಿನ ಜೊತೆಗೇ ನುಂಗಿ, ಈ ನಾರು ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳುವ ಅಪಾಯ ಇದೆ. ಮಕ್ಕಳಿಗಂತೂ ಕೊಡಲೇಬೇಡಿ. ಹಸುಗೂಸಾಗಿದ್ದಾಗಿನಿಂದ ತಡೆಯಲಾಗದ ಹಸಿವು, ಜೊತೆಗೆ ವೇಗವಾಗಿ ಏರುವ ತೂಕ ಇದ್ದರೆ ಹಾರ್ಮೋನ್ ತಜ್ಞರಿಗೆ ತೋರಿಸಿ, ಜೀನ್ ಪರೀಕ್ಷೆ ಬೇಕಾ ಅಂತ ಕೇಳಿ. ಅಂಥ ಕೆಲವು ಅಪರೂಪದ ತೊಂದರೆಗಳಿಗೆ ಸೆಟ್‌ಮೆಲನೋಟೈಡ್ ಅನ್ನೋ ಔಷಧಕ್ಕೆ ಅಮೆರಿಕದಲ್ಲಿ 2020ರಲ್ಲೇ ಅನುಮತಿ ಸಿಕ್ಕಿದೆ.